ಕೊಳಚೆಯೊಳಗಿನ ಗೊಬ್ಬರ

ನೀರಿನ ಬಗ್ಗೆ ಸಂಶಯವಿದ್ದರೆ ಕುದಿಸಿ ಕುಡಿಯಬೇಕೆಂಬುದು ನಮ್ಮ ಮನೆಗಳಲ್ಲಿ ಹಿರಿಯರು ಕಲಿಸಿದ ಪಾಠ. ಆದರೆ 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದ ತಾಯಂದಿರಿಗೆ ಈ ಪಾಠ ನೆರವಾಗಲಿಲ್ಲ. ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಅಧಿಕಾರಿಗಳು ಎಚ್ಚರಿಸಿದರು. ನಗರಕ್ಕೆ ನೀರುಣಿಸುವ ಈರಿ ಸರೋವರದಲ್ಲಿ ನೀಲಿ-ಹಸಿರು ಪಾಚಿ ಹಬ್ಬಿ, ಅದರ ವಿಷ ನೀರಿಗೆ ಸೇರಿತ್ತು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ವಿಷ ಮಾತ್ರ ಉಳಿದು ಇನ್ನಷ್ಟು ತೀವ್ರವಾಗುತ್ತದೆ. ಸುಮಾರು 4 ಲಕ್ಷ ಜನರು ಬಾಟಲಿ ನೀರಿಗಾಗಿ ಅಂಗಡಿಗಳಿಗೆ ಮುಗಿಬಿದ್ದರು. ಮೂರನೆಯ ದಿನ ನಿಷೇಧ ತೆರವಾಯಿತು.

ಇಷ್ಟು ಪಾಚಿ ಬೆಳೆಯಲು ಆಹಾರವೆಲ್ಲಿಂದ ಬಂತು? ಮುಖ್ಯವಾಗಿ ಹೊಲಗಳ ಗೊಬ್ಬರದಿಂದ. ಮಳೆ ನೀರು ಅದರ ರಂಜಕ ಮತ್ತು ಸಾರಜನಕವನ್ನು ಹೊತ್ತು ಸರೋವರಕ್ಕೆ ಸುರಿದಿತ್ತು. ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಕಳೆಗಿಡಗಳು ಮುಚ್ಚಿಬಿಟ್ಟದ್ದಕ್ಕೂ ಇದೇ ಪೋಷಕಾಂಶಗಳು ಕಾರಣ. ಅಲ್ಲಿ ಅವು ಬಂದದ್ದು ನಗರದ ಕೊಳಚೆಯಿಂದ, ಅಂದರೆ ನಮ್ಮ ಶೌಚಾಲಯ ಮತ್ತು ಬಚ್ಚಲುಗಳಿಂದ.

ಈ ಪೋಷಕಾಂಶವನ್ನು ನೀರಿನಿಂದ ತೆಗೆದರಷ್ಟೇ ಸಾಲದು, ಮರಳಿ ಬಳಸಬೇಕು ಎನ್ನುತ್ತದೆ ಇಂದಿನ ವಿಜ್ಞಾನ. ಯಾಕೆಂದರೆ ರಂಜಕದ ಗೊಬ್ಬರ ತಯಾರಾಗುವುದು ಗಣಿಯಿಂದ ಅಗೆದ ಕಲ್ಲಿನಿಂದ. ಭಾರತ ಅದಕ್ಕಾಗಿ ಬಹುಪಾಲು ವಿದೇಶಗಳನ್ನೇ ಅವಲಂಬಿಸಿದೆ.

ಸಂತೋಷದ ಸಂಗತಿಯೆಂದರೆ, ಇಂತಹ ಸಂಶೋಧನೆಯಲ್ಲಿ ಪದವಿ ತರಗತಿಯ ಹುಡುಗ ಹುಡುಗಿಯರೂ ಪಾಲ್ಗೊಳ್ಳಬಹುದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 1987ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ ಪದವಿ ವಿದ್ಯಾರ್ಥಿಗಳು ಬೇಸಿಗೆ ರಜೆಯ ಸುಮಾರು 10 ವಾರ ಭತ್ಯೆ ಪಡೆದು ಪ್ರಯೋಗಾಲಯದಲ್ಲಿ ದುಡಿಯುತ್ತಾರೆ. ಅವರ ಕೈಗೆಟಕುವಂತಹ ಒಂದು ಪ್ರಯೋಗ ಹೀಗಿದೆ: ಶುದ್ಧೀಕರಣ ಘಟಕದ, ರಂಜಕ ದಟ್ಟವಾಗಿರುವ ನೀರಿಗೆ ಮೆಗ್ನೀಸಿಯಂ ಲವಣ ಬೆರೆಸಿ, ಕ್ಷಾರತೆ ಹೆಚ್ಚಿಸಿ ಕಲಕುವುದು. ಆಗ ಸ್ಟ್ರುವೈಟ್ ಎಂಬ ಬಿಳಿ ಹರಳುಗಳು ತಳಕ್ಕಿಳಿಯುತ್ತವೆ. ಮಣ್ಣಿನಲ್ಲಿ ನಿಧಾನವಾಗಿ ಕರಗುವ ಒಳ್ಳೆಯ ಗೊಬ್ಬರವದು. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಹರಳು ಸರಿಯಾಗಿ ಕಟ್ಟುವುದಿಲ್ಲ. ಆಗ ಅಳತೆ ಬದಲಿಸಿ ಪುನಃ ಪ್ರಯತ್ನಿಸಬೇಕು. ಕೆರೆಯ ತೆಳು ನೀರಿನಲ್ಲೂ ಈ ವಿಧಾನ ಫಲಿಸದು. ಆದ್ದರಿಂದ ಕೊಳಚೆ ಕೆರೆ ಸೇರುವ ಮುನ್ನವೇ ಈ ಕೆಲಸ ಆಗಬೇಕು.

ಸಹೋದರಿಯರೇ, ಬಿ.ಎಸ್ಸಿ. ಓದುತ್ತಿರುವ ಮಗಳು ರಜೆಯಲ್ಲಿ ಇಂತಹ ಪ್ರಯೋಗಕ್ಕೆ ಹೋಗುತ್ತೇನೆಂದಾಗ, "ಕೊಳಚೆ ನೀರಿನಲ್ಲಿ ನಿನಗೇನು ಕೆಲಸ?" ಎಂದು ಗದರಬೇಡಿ. ಆ ನೀರನ್ನು ಕೊಳಚೆ ಮಾಡಿದವರು ನಾವೇ ಅಲ್ಲವೇ? ಅದನ್ನು ಸರಿಪಡಿಸುವ ವಿದ್ಯೆಯನ್ನಾದರೂ ಅವಳು ಕಲಿಯಲಿ.