ದನಿಗೂ ದಣಿವುಂಟು

ನಾವೆಲ್ಲಾ ಹಾಡುವವರೇ. ಮದುವೆ ಮನೇಲಿ ಸೋಬಾನೆ ಹಾಡ್ತೀವಿ. ತೊಟ್ಟಿಲು ತೂಗುವಾಗ ಜೋಗುಳ ಹಾಡ್ತೀವಿ. ನಾಟಿ ಮಾಡುವಾಗ, ಕಳೆ ಕೀಳುವಾಗ ಪದ ಹೇಳ್ತೀವಿ. ಶನಿವಾರ ಬಂದರೆ ಭಜನೆ ಇದೆ. ಸಂಘದ ಸಭೆ ಶುರುವಾಗೋದೂ ಹಾಡಿನಿಂದಲೇ.

ಹಾಡಿದ ಮಾರನೇ ದಿನ ಏನಾಗುತ್ತೆ? ಕೆಲವರಿಗೆ ಗಂಟಲು ಕಟ್ಟುತ್ತೆ. ದನಿ ಒಡೆಯುತ್ತೆ. ಮಕ್ಕಳನ್ನು ಕೂಗಿ ಕರೆಯೋಕೂ ಆಗಲ್ಲ. "ಚೆನ್ನಾಗಿ ಹಾಡಿದ್ದಕ್ಕೆ ಹೀಗಾಯ್ತು, ಬಿಡು" ಅಂತೀವಿ. ಹಾಗೆ ಅನ್ನಬಾರದು. ಗಂಟಲು ನೊಂದರೆ ದನಿಗೆ ದಣಿವಾಗಿದೆ ಎಂದು ಅರ್ಥ.

ಕಾಲು ಸೋತರೆ ಕೂರ್ತೀವಿ. ಸೊಂಟ ನೋವು ಬಂದರೆ ಒರಗ್ತೀವಿ. ದನಿ ಸೋತರೆ ಮಾತ್ರ ಇನ್ನೂ ಜೋರಾಗಿ ಹಾಡ್ತೀವಿ. ಯಾಕೆ ಹೀಗೆ? ದನಿ ಹೇಗೆ ಹುಟ್ಟುತ್ತೆ ಅಂತ ನಮಗೆ ಯಾರೂ ಹೇಳಿಲ್ಲ. ಈಗ ತಿಳಿಯೋಣ.

ದನಿ ಎಲ್ಲಿಂದ ಬರುತ್ತೆ?

ಕತ್ತಿನ ಮುಂಭಾಗದಲ್ಲಿ ಬೆರಳಿಡಿ. "ಆ" ಅನ್ನಿ. ಒಳಗೆ ಜುಮ್ ಅನ್ನುತ್ತೆ ಅಲ್ವಾ? ಅಲ್ಲೇ ಧ್ವನಿಪೆಟ್ಟಿಗೆ ಇರೋದು. ಅದರೊಳಗೆ ಎರಡು ಪುಟ್ಟ ಮಡಿಕೆಗಳಿವೆ. ಅವು ಹೆಚ್ಚು ಕಡಿಮೆ ನಮ್ಮ ಹೆಬ್ಬೆರಳ ಉಗುರಿನಷ್ಟೇ ಉದ್ದ. ಅವಕ್ಕೆ ಧ್ವನಿತಂತು ಎಂದು ಹೆಸರು.

ಎದೆಯಿಂದ ಉಸಿರು ಮೇಲೆ ಬರುತ್ತೆ. ಆಗ ಈ ತಂತುಗಳು ಒಂದಕ್ಕೊಂದು ತಾಗಿ ಅದುರುತ್ತವೆ. ಹೆಂಗಸರು ಮಾತಾಡುವಾಗ ಒಂದು ಸೆಕೆಂಡಿಗೆ ಸುಮಾರು 200 ಸಲ ಅದುರುತ್ತವೆ. ಹಾಡು ಮೇಲೆ ಹೋದಂತೆ ಇನ್ನೂ ಹೆಚ್ಚು.

ಬಿಡದೆ ಚಪ್ಪಾಳೆ ತಟ್ಟಿದರೆ ಅಂಗೈ ಕೆಂಪಾಗುತ್ತೆ. ಹಾಗೇ ತಂತುಗಳೂ ಊದಿಕೊಳ್ತವೆ. ದಿನಾ ಕುಡುಗೋಲು ಹಿಡಿದ ಕೈ ಜಡ್ಡುಗಟ್ಟುತ್ತೆ. ದಿನಾ ಕಿರುಚಿದರೆ ತಂತುಗಳ ಮೇಲೂ ಸಣ್ಣ ಗಂಟು ಬೆಳೆಯಬಹುದು. ಆಗ ದನಿ ಒಡೆದೇ ಉಳಿಯುತ್ತೆ.

ನಾಲಿಗೆಗೂ ದನಿಗೂ ಏನು ಸಂಬಂಧ?

ಕನ್ನಡಿಯಲ್ಲಿ ನಮಗೆ ಕಾಣೋದು ನಾಲಿಗೆಯ ಮುಂಭಾಗ ಮಾತ್ರ. ಅದರ ಬುಡ ಗಂಟಲ ಒಳಗೆ ಇಳಿದಿದೆ. ಬುಡದಲ್ಲಿ ಲಾಳದ ಆಕಾರದ ಒಂದು ಸಣ್ಣ ಮೂಳೆ ಇದೆ. ಈ ಮೂಳೆ ಬೇರೆ ಯಾವ ಮೂಳೆಗೂ ಸೇರಿಕೊಂಡಿಲ್ಲ. ಧ್ವನಿಪೆಟ್ಟಿಗೆ ಇದಕ್ಕೇ ತೂಗುಬಿದ್ದಿದೆ.

ನಾಲಿಗೆ ಬಿಗಿದು ಹಿಂದಕ್ಕೆ ಹೋದರೆ ಧ್ವನಿಪೆಟ್ಟಿಗೆಯ ಮೇಲೆ ಒತ್ತಡ ಬೀಳುತ್ತೆ. ತೂಗುವ ತೊಟ್ಟಿಲಿನ ಹಗ್ಗವನ್ನು ಬಿಗಿ ಹಿಡಿದ ಹಾಗೆ. ತೊಟ್ಟಿಲು ಸಲೀಸಾಗಿ ಆಡಲ್ಲ. ದನಿಯೂ ಅಷ್ಟೇ.

ನಮ್ಮ ನಾಲಿಗೆ ಬಿಗಿಯಾಗಿದೆಯಾ ಅಂತ ನಾವೇ ನೋಡಬಹುದು. ಗದ್ದದ ಮೂಳೆಯ ಹಿಂದೆ ಮೆತ್ತನೆ ಜಾಗ ಇದೆ. ಅಲ್ಲಿ ಹೆಬ್ಬೆರಳನ್ನು ಮೆಲ್ಲಗೆ ಇಡಿ. ಉಗುಳು ನುಂಗಿ. ಆ ಜಾಗ ಗಟ್ಟಿಯಾಗಿ ಬೆರಳನ್ನು ಕೆಳಕ್ಕೆ ಒತ್ತುತ್ತೆ. ಬಿಗಿ ಅಂದ್ರೆ ಅದೇ. ಈಗ ನಿಮಗೆ ಬರೋ ಪದದ ಒಂದು ಸಾಲು ಹಾಡಿ. ಅಲ್ಲಿ ಸ್ವಲ್ಪ ಅಲುಗಾಡಿದರೆ ಚಿಂತೆ ಇಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿಯೇ ನಿಂತರೆ ನಾಲಿಗೆ ಬಿಗಿದಿದೆ.

ನಾಲಿಗೆ ಸಡಿಲ ಮಾಡೋದು ಹೇಗೆ?

1. ಹಲ್ಲು ಕಚ್ಚಬೇಡಿ. ದವಡೆ ಸಡಿಲ ಬಿಡಿ. ನಾಲಿಗೆಯ ತುದಿ ಕೆಳಗಿನ ಮುಂಹಲ್ಲಿನ ಹಿಂದೆ ಮಲಗಿರಲಿ.

2. ತುದಿ ಅಲ್ಲೇ ಇರಲಿ. ನಾಲಿಗೆಯ ನಡುಭಾಗವನ್ನು ಮುಂದಕ್ಕೆ ಉಬ್ಬಿಸಿ, ಮತ್ತೆ ಬಿಡಿ. 5 ಸಲ ಮಾಡಿ.

3. ನಾಲಿಗೆಯನ್ನು ಕೆಳತುಟಿಯ ಮೇಲೆ ಇಳಿಬಿಡಿ. ಮೆಲ್ಲಗೆ "ಆ" ಅನ್ನಿ. ಕೈಯಲ್ಲಿ ಹಿಡಿದು ಎಳೀಬೇಡಿ. ನಗು ಬಂದರೆ ನಕ್ಕುಬಿಡಿ. ನಕ್ಕರೂ ಬಿಗಿ ಬಿಡುತ್ತೆ.

4. ದವಡೆ ಅಲುಗಿಸದೆ "ಲ ಲ ಲ ಲ" ಅನ್ನಿ. ನಾಲಿಗೆ ಮಾತ್ರ ಆಡಲಿ.

ಒಂದು ಮಾತು ನೆನಪಿಡಿ. ನಾಲಿಗೆಯನ್ನು ಕೆಳಕ್ಕೆ ಒತ್ತಿ ಹಿಡಿಯಬೇಡಿ. ಒತ್ತಿದರೆ ಅದೂ ಒಂದು ಬಿಗಿಯೇ.

ಹಾಡುವ ಮೊದಲು ದನಿ ಕಾಯಿಸೋಣ

ಒಲೆ ಹಚ್ಚಿದ ತಕ್ಷಣ ಹೆಂಚು ಕಾಯಲ್ಲ. ದನಿಗೂ 5–10 ನಿಮಿಷ ಬೇಕು.

ಮೊದಲು ಬಾಯಿ ಮುಚ್ಚಿ "ಮ್" ಅನ್ನಿ. ಆಮೇಲೆ ಎಳೇ ಮಕ್ಕಳ ಹಾಗೆ ತುಟಿ ಅದುರಿಸಿ "ಬುರ್ರ್" ಅನ್ನಿ. ತಗ್ಗಿನಿಂದ ಸ್ವಲ್ಪ ಮೇಲಕ್ಕೆ ಹೋಗಿ, ಮತ್ತೆ ಇಳಿಯಿರಿ.

ಎಳನೀರು ಕುಡಿಯೋ ಕೊಳವೆ ಇದ್ದರೆ ಇನ್ನೂ ಒಳ್ಳೆಯದು. ಅರ್ಧ ಲೋಟ ನೀರಲ್ಲಿ ಕೊಳವೆಯ ತುದಿ ಮುಳುಗಿಸಿ. ಕೊಳವೆಯಲ್ಲಿ "ಊ" ಅನ್ನಿ. ನೀರಲ್ಲಿ ಗುಳ್ಳೆ ಏಳಬೇಕು. ಇದರಿಂದ ತಂತುಗಳಿಗೆ ಹೊಡೆತ ಕಡಿಮೆ. ದನಿಯ ಚಿಕಿತ್ಸೆ ಮಾಡುವವರೂ ಇದನ್ನು ಹೇಳಿಕೊಡ್ತಾರೆ.

ಒಂದೇ ಸಲ ಒಂದು ಗಂಟೆ ಅಭ್ಯಾಸ ಬೇಡ. ದಿನಕ್ಕೆ ಎರಡು ಮೂರು ಸಲ, 10–10 ನಿಮಿಷ ಸಾಕು. ನೋವು ಕಂಡರೆ ಅಲ್ಲಿಗೇ ನಿಲ್ಲಿಸಿ.

ನಮ್ಮ ದನಿ ನಮಗೆ ಚಂದ

ಗುಂಪಿನಲ್ಲಿ ಒಬ್ಬಳು ಎತ್ತರದ ದನಿಯಲ್ಲಿ ಶುರು ಮಾಡ್ತಾಳೆ. ಉಳಿದವರು ಕತ್ತು ಚಾಚಿ, ನರ ಉಬ್ಬಿಸಿ ಹಾಡ್ತೀವಿ. ಹೆಂಗಸಿನ ದನಿ ಸಣ್ಣಗೇ ಇರಬೇಕು ಅಂತ ನಮ್ಮ ತಲೇಲಿ ಕೂತಿದೆ. ದಪ್ಪ ದನಿಯವಳು ನಾಚಿಕೊಂಡು ಹಿಂದೆ ಕೂರ್ತಾಳೆ.

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಹೆಸರು ಕೇಳಿದ್ದೀರಾ? ಅವರು 1913ರಲ್ಲಿ ಹುಟ್ಟಿದರು. ಹಿಂದೂಸ್ತಾನಿ ಸಂಗೀತದ ದೊಡ್ಡ ಗಾಯಕಿ. ಮೊದಮೊದಲು ಅವರದು ಸಣ್ಣ ದನಿ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ಮೇಲೆ ದನಿ ಗಂಡಸರ ದನಿಯಷ್ಟು ದಪ್ಪ ಆಯ್ತು. ಅವರು ಹಾಡು ಬಿಡಲಿಲ್ಲ. ದಪ್ಪ ದನಿಯಲ್ಲೇ ಹಾಡಿದರು. ದೇಶವೇ ಕಿವಿಗೊಟ್ಟು ಕೇಳಿತು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂತು. 2009ರಲ್ಲಿ ತೀರಿಕೊಂಡರು.

ಹಾಗಾದರೆ ನಾವೇನು ಮಾಡೋಣ? ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಮೆಲ್ಲಗೆ ಹಾಡಿ ನೋಡೋಣ. ಅಲ್ಲಿ ಗಂಟಲು ಬಿಗಿದರೆ ಹಾಡಿನ ಶುರುವನ್ನೇ ತಗ್ಗಿಸೋಣ. ಎಲ್ಲರಿಗೂ ಎಟುಕುವ ದನಿಯಲ್ಲಿ ಹಾಡೋಣ. ಮೈಕ್ ಇದ್ದರೆ ಅದರ ಮುಂದೆ ಕಿರುಚೋದು ಬೇಡ.

ದನಿಯ ಕಾಳಜಿ

ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡೀರಿ. ಕುಡಿದ ನೀರು ಧ್ವನಿತಂತುವಿಗೆ ನೇರವಾಗಿ ತಾಗಲ್ಲ. ಮೈಗೆ ಸೇರಿ, ಆಮೇಲೆ ಅಲ್ಲಿಗೆ ತಲುಪಬೇಕು. ಹಾಡುವ ಹೊತ್ತಿಗೆ ಚೊಂಬು ಎತ್ತಿದರೆ ಸಾಲದು.

ನೆಗಡಿಯಾಗಿ ದನಿ ಕಟ್ಟಿದಾಗ ಹಾಡಬೇಡಿ. ಪಿಸುಮಾತು ಆಡಿದರೂ ದನಿಗೆ ಆಯಾಸ. ಸುಮ್ಮನಿದ್ದರೆ ಒಳ್ಳೆಯದು. ಪದೇ ಪದೇ ಕ್ಯಾಕರಿಸಬೇಡಿ. ಒಂದು ಗುಟುಕು ನೀರು ನುಂಗಿ. ಒಲೆಯ ಹೊಗೆ, ಹೊಗೆಸೊಪ್ಪು ಎರಡೂ ಗಂಟಲಿಗೆ ಶತ್ರು. ಬಿಸಿ ಕಷಾಯ ಹಿತ ಕೊಡಬಹುದು. ಆದರೆ ಕಷಾಯ ಕುಡಿದು, ನೋವು ಮರೆತು ಮತ್ತೆ ಹಾಡೋಕೆ ಕೂರಬೇಡಿ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು?

ದನಿ ಒಡೆದು 3 ವಾರ ದಾಟಿತಾ? ತಡ ಮಾಡಬೇಡಿ. ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ನುಂಗೋಕೆ ಕಷ್ಟ ಆದರೆ, ಉಗುಳಿನಲ್ಲಿ ರಕ್ತ ಕಂಡರೆ, ಕತ್ತಿನಲ್ಲಿ ಗಂಟು ಸಿಕ್ಕರೆ 3 ವಾರ ಕಾಯಬೇಡಿ. ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಗಂಟಲಿನ ಕ್ಯಾನ್ಸರ್ ಕೂಡ ದನಿ ಒಡೆಯೋದರಿಂದ ಶುರುವಾಗಬಹುದು. ಬೇಗ ಗೊತ್ತಾದರೆ ವಾಸಿಯಾಗುವ ಸಾಧ್ಯತೆ ಹೆಚ್ಚು.

ತಂತುಗಳ ಮೇಲಿನ ಸಣ್ಣ ಗಂಟು ಎಷ್ಟೋ ಸಲ ದನಿಯ ತರಬೇತಿಯಿಂದಲೇ ಕುಗ್ಗುತ್ತೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಚಿಕಿತ್ಸೆ ಇದೆ.

"ಹಾಡೋಕೂ ಡಾಕ್ಟರಾ?" ಅಂತ ಮನೆಯವರು ನಗಬಹುದು. ನಗಲಿ. ನೀವು ಹೋಗಿ ಬನ್ನಿ. ನಮ್ಮ ಅವ್ವ, ಅಜ್ಜಿ ಹೇಳಿಕೊಟ್ಟ ಎಷ್ಟೋ ಪದ ಪುಸ್ತಕದಲ್ಲಿಲ್ಲ. ಅವು ನಮ್ಮ ಬಾಯಲ್ಲಿವೆ. ಈಗ ನಮಗೆ ಬರೆಯೋಕೆ ಬರುತ್ತೆ. ಅವನ್ನು ಬರೆದಿಡೋಣ. ಮಕ್ಕಳಿಗೆ ಹಾಡಿ ಕಲಿಸೋಕೆ ದನಿಯನ್ನೂ ಉಳಿಸಿಕೊಳ್ಳೋಣ.

ಮಾತಾಡೋಣ, ಮಾಡೋಣ

1. ನಿಮ್ಮ ಗುಂಪಿನಲ್ಲಿ ಹಾಡಿದ ಮೇಲೆ ಯಾರಿಗೆ ಗಂಟಲು ನೋಯುತ್ತೆ? ಯಾಕಿರಬಹುದು?

2. ಗದ್ದದ ಕೆಳಗೆ ಬೆರಳಿಟ್ಟು ಎಲ್ಲರೂ ಒಂದೊಂದು ಸಾಲು ಹಾಡಿ. ಏನು ತಿಳಿಯಿತು?

3. ನಿಮಗೆ ಬರುವ ಒಂದು ಪದವನ್ನು ನಿಮ್ಮ ಕೈಯಾರೆ ಬರೆಯಿರಿ. ಅದನ್ನು ಕಲಿಸಿದವರ ಹೆಸರನ್ನೂ ಕೆಳಗೆ ಬರೆಯಿರಿ.