ಡಿಗ್ರಿ ಕಾಲೇಜಲ್ಲಿ ಪಾಠ ಮಾಡೋಕೆ ಏನು ಓದಿರಬೇಕು?

ಬಸವನಗುಡಿಯ ನ್ಯಾಷನಲ್ ಕಾಲೇಜಿರಲಿ, ಮಲ್ಲೇಶ್ವರದ ಎಂಇಎಸ್ ಇರಲಿ, ಡಿಗ್ರಿ ಮಕ್ಕಳಿಗೆ ಪಾಠ ಮಾಡೋ ಆಸೆ ನಿಮಗಿದೆಯಾ? ಸಹಾಯಕ ಪ್ರಾಧ್ಯಾಪಕರಾಗೋಕೆ ಬಿ.ಎಡ್. ಬೇಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮುಖ್ಯವಾಗಿ ಕೇಳೋದು ಎರಡು.

ಒಂದು: ನಿಮ್ಮ ವಿಷಯದಲ್ಲಿ ಸ್ನಾತಕೋತ್ತರ ಪದವಿ, ಶೇ. 55 ಅಂಕ. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ವಿಶೇಷಚೇತನರಿಗೆ ಶೇ. 50 ಸಾಕು.

ಎರಡು: ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಯುಜಿಸಿ ನಿಯಮಕ್ಕೆ 2023ರಲ್ಲಿ ಆದ ತಿದ್ದುಪಡಿಯ ನಂತರ ಪಿಎಚ್‌ಡಿ ಕಡ್ಡಾಯವಲ್ಲ.

ನೆಟ್ ಇಡೀ ದೇಶಕ್ಕೆ ನಡೆಯುತ್ತೆ, ಕೆಸೆಟ್ ಕರ್ನಾಟಕಕ್ಕೆ. ಕೆಸೆಟ್ ನಡೆಸೋ ಪರೀಕ್ಷಾ ಪ್ರಾಧಿಕಾರ ಇರೋದೂ ಮಲ್ಲೇಶ್ವರದಲ್ಲೇ. ಎರಡೂ ಪರೀಕ್ಷೆಗಳಲ್ಲಿ ಎರಡು ಪತ್ರಿಕೆ, ಒಟ್ಟು 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಎಂ.ಎ. ಮುಗಿಸಿ ಹಿಂಜರಿಯುತ್ತಿದ್ದೀರಾ? ಇವತ್ತೇ ಪಠ್ಯಕ್ರಮ ತೆಗೆದು ಓದಿ. ಒಳ್ಳೇ ಮೇಷ್ಟ್ರಿಗಾಗಿ ತರಗತಿಗಳು ಕಾಯ್ತಿವೆ.