ನಿಲ್ಲಿಸಿಟ್ಟ ಹಳೆಯ ಕಾರೂ ಅದರ ಎಚ್ಚರಿಕೆಯ ದೀಪಗಳೂ

ನಮ್ಮ ತಾಳವಾಡಿ ಸೀಮೆಯಲ್ಲಿ ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹಳೆಯ ಕಾರೊಂದು ನಿಂತಿರುವ ಮನೆಗಳು ಸಾಕಷ್ಟಿವೆ. ಓಡಿಸುವ ಮಗನು ಕೊಯಮತ್ತೂರಿಗೋ ಬೆಂಗಳೂರಿಗೋ ಕೆಲಸಕ್ಕೆಂದು ಹೋದ ಮೇಲೆ ಅದು ಕೊಟ್ಟಿಗೆಯ ಪಾಲಾಗುತ್ತದೆ. ಐದಾರು ತಿಂಗಳ ಮೇಲೆ ಅರಿಸಿನದ ವ್ಯಾಪಾರಕ್ಕೆ ಈರೋಡಿಗೆ ಹೋಗಬೇಕಾಗಿ ಬಂದು, ಇಲ್ಲವೇ ಮನೆಯಲ್ಲಿ ಯಾರಿಗೋ ಕಾಯಿಲೆಯಾಗಿ ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದು ಕೀಲಿ ತಿರುಗಿಸಿದರೆ, ಮುಂದಿನ ಹಲಗೆಯಲ್ಲಿ ಕೆಂಪು ಹಳದಿ ದೀಪಗಳ ಜಾತ್ರೆಯೇ ನೆರೆಯುತ್ತದೆ. ಗಾಡಿಯ ಜತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿ; ಸತ್ಯಮಂಗಲದ ಮೆಕ್ಯಾನಿಕ್ ವಿವರಿಸುವುದು ತಮಿಳಿನಲ್ಲಿ. ಆದುದರಿಂದ ಈ ದೀಪಗಳ ಅರ್ಥವನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವುದು ಉಚಿತವೆಂದು ತೋರಿತು.

ಇಂಥ ಸಮಯದಲ್ಲಿ ಜನ ಎರಡು ಬಗೆಯಾಗಿ ನಡೆದುಕೊಳ್ಳುವುದನ್ನು ನಾವು ನೋಡಿದ್ದೇವೆ. ಕೆಲವರು ಎಂಜಿನ್ನೇ ಹೋಯಿತೆಂದು ಹೆದರಿ, ಹೇಳಿದ ಸಾಮಾನುಗಳನ್ನೆಲ್ಲ ಹಾಕಿಸಿ ಸಾವಿರಗಟ್ಟಲೆ ರೂಪಾಯಿ ತೆರುತ್ತಾರೆ. ಇನ್ನು ಕೆಲವರು, ಹಳೆಯ ಗಾಡಿ ತಾನೆ, ಉರಿದರೆ ಉರಿಯಲಿ ಎಂದು ಹೊರಟೇಬಿಡುತ್ತಾರೆ. ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ಸುತ್ತಲೂ ಆನೆ ಹುಲಿಗಳ ಕಾಡು. ಅಲ್ಲಿ ಗಾಡಿ ನಿಂತರೆ ಇಳಿದು ಬಾನೆಟ್ ಎತ್ತುವುದೂ ಕ್ಷೇಮವಲ್ಲ. ಎರಡನೆಯ ಬಗೆಯವರೇ ಹೆಚ್ಚು ಅಪಾಯಕ್ಕೆ ಗುರಿಯಾಗುವವರು.

ಕೀಲಿ ತಿರುಗಿಸುವ ಮೊದಲೇ ಬಾನೆಟ್ ಎತ್ತಿ ನೋಡಬೇಕು. ರಾಗಿ ಹುಲ್ಲು, ಜೋಳದ ಮೂಟೆ ಇರುವ ಕೊಟ್ಟಿಗೆಯಲ್ಲಿ ಇಲಿಗಳಿಗೇನೂ ಬರವಿಲ್ಲ. ಗಾಳಿ ಸೋಸುವ ಪೆಟ್ಟಿಗೆಯೊಳಗೆ ಗೂಡು ಕಟ್ಟುವುದು, ವೈರುಗಳ ಮೇಲಿನ ಪ್ಲಾಸ್ಟಿಕ್ಕನ್ನು ಕಡಿಯುವುದು ಅವುಗಳ ನಿತ್ಯದ ಕಸುಬು. ಒಂದು ವೈರು ತುಂಡಾದರೂ ಒಂದು ದೀಪ ಹೊತ್ತೀತು. ಐದು ರೂಪಾಯಿಯ ತಂತಿಯಿಂದ ಸರಿಹೋಗುವುದಕ್ಕೆ ಹೊಸ ಸೆನ್ಸರ್ ಕೊಂಡವರಿದ್ದಾರೆ. ಗಾಡಿಯನ್ನು ಬಯಲಿಗೆ ತಳ್ಳಿ ಆಮೇಲೆ ಚಾಲೂ ಮಾಡುವುದು ಲೇಸು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿದರೆ ಅದರ ಹೊಗೆಯಲ್ಲಿರುವ ವಿಷಾನಿಲ ಬಣ್ಣವೂ ಇಲ್ಲದೆ ವಾಸನೆಯೂ ಇಲ್ಲದೆ ಪ್ರಾಣ ತೆಗೆಯಬಲ್ಲದು.

ಆಮೇಲೆ ಬ್ಯಾಟರಿ. ನಿಲ್ಲಿಸಿಟ್ಟ ಗಾಡಿಯಲ್ಲಿ ಏಕಕಾಲಕ್ಕೆ ನಾಲ್ಕೈದು ದೀಪಗಳು ಹೊತ್ತಿಕೊಂಡರೆ ನಮ್ಮ ಮೊದಲನೆಯ ಸಂದೇಹ ಇದರ ಮೇಲೆಯೇ ಇರತಕ್ಕದ್ದು. ಗಾಡಿ ನಿಂತಿದ್ದರೂ ಗಡಿಯಾರ, ಒಳಗಿನ ಚಿಕ್ಕ ಕಂಪ್ಯೂಟರ್ ಇವು ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಬ್ಯಾಟರಿಯೂ ತನ್ನಷ್ಟಕ್ಕೆ ಇಳಿಯುತ್ತದೆ. ಎಂಜಿನನ್ನು ತಿರುಗಿಸುವ ಹೊತ್ತಿಗೆ ಅದರ ಶಕ್ತಿ ಕುಸಿದು ಕಂಪ್ಯೂಟರಿಗೆ ದಿಕ್ಕು ತಪ್ಪುತ್ತದೆ. ಅದು ಇಲ್ಲದ ದೋಷಗಳನ್ನು ಬರೆದಿಟ್ಟುಕೊಳ್ಳುತ್ತದೆ. ಪಂಪ್‌ಸೆಟ್ಟಿನ ಕೆಲಸ ಮಾಡುವವರ ಬಳಿ ಮೀಟರ್ ಇದ್ದೇ ಇರುತ್ತದೆ. ಎಂಜಿನ್ ನಿಂತಿರುವಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಾದರೆ ಖಾಲಿಯಾಗಿದೆ. ಖಾಲಿಯಾದುದನ್ನು ಹೊರಗೆ ಚಾರ್ಜ್ ಮಾಡಿಸಿ, ತುದಿಗಳ ಮೇಲಿನ ಬಿಳಿಯ ಕಿಲುಬನ್ನು ಬಿಸಿನೀರಿನಿಂದ ತೊಳೆದು ಬಿಗಿಮಾಡಿದರೆ, ದೀಪಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಆರುವುದುಂಟು. ಬಿಚ್ಚುವಾಗ ಮೊದಲು ಮೈನಸ್ ತುದಿ, ಕೂಡಿಸುವಾಗ ಅದೇ ಕೊನೆಗೆ.

ಈಗ ಕೀಲಿಯನ್ನು ಅರ್ಧ ತಿರುಗಿಸಿ ನಿಲ್ಲಿಸಿ. ಆಗ ಎಚ್ಚರಿಕೆಯ ದೀಪಗಳೆಲ್ಲ ಹೊತ್ತುವುದು ದೋಷವಲ್ಲ. ಗಾಡಿ ತನ್ನ ದೀಪಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮವದು. ಹೊತ್ತಬೇಕಾದ ಹೊತ್ತಿನಲ್ಲಿ ಹೊತ್ತದ ದೀಪವೇ ಸಂಶಯಕ್ಕೆ ಆಸ್ಪದ. ಹಳೆಯ ಕಾರು ಮಾರುವವರಲ್ಲಿ ಕೆಲವರು ಬಲ್ಬನ್ನೇ ಕಿತ್ತಿರುತ್ತಾರೆ!

ಎಂಜಿನ್ ಚಾಲೂ ಆದ ಮೇಲೂ ಉಳಿದ ದೀಪಗಳಲ್ಲಿ ಕೆಂಪನ್ನೂ ಹಳದಿಯನ್ನೂ ಬೇರೆಮಾಡಿ ನೋಡಬೇಕು. ಕೆಂಪೆಂದರೆ ಹೊರಡಬೇಡ. ಹಳದಿಯೆಂದರೆ ವಿಚಾರಿಸು. ಕೆಂಪಿನಲ್ಲೆಲ್ಲ ಉಗ್ರವಾದುದು ಎಣ್ಣೆಯ ಗಿಂಡಿಯ ಚಿತ್ರವಿರುವ ದೀಪ. ಬಹುಕಾಲ ನಿಂತ ಎಂಜಿನಿನ ಎಣ್ಣೆ ತಳಕ್ಕೆ ಇಳಿದಿರುವುದರಿಂದ ಈ ದೀಪ ಆರಲು ಕೆಲವು ಕ್ಷಣ ಹಿಡಿಯಬಹುದು. ಐದಾರು ಸೆಕೆಂಡಿಗೂ ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ಕಡ್ಡಿ ಎಳೆದು ನೋಡಿದರೆ ಎಣ್ಣೆ ಸರಿಯಾಗಿಯೇ ಇದೆಯಲ್ಲ ಎಂದು ಮತ್ತೆ ಓಡಿಸುವವರುಂಟು. ಈ ದೀಪ ಹೇಳುವುದು ಎಣ್ಣೆಯ ಒತ್ತಡವನ್ನು, ಅಳತೆಯನ್ನಲ್ಲ. ಒತ್ತಡವಿಲ್ಲದೆ ಸ್ವಲ್ಪ ದೂರ ಓಡಿದರೂ ಒಳಗಿನ ಬೇರಿಂಗುಗಳು ತೇದು ಎಂಜಿನ್ ಹಿಡಿದುಕೊಳ್ಳುತ್ತದೆ. ಒತ್ತಡ ತಿಳಿಸುವ ಸ್ವಿಚ್ಚೇ ಕೆಟ್ಟಿರುವುದೂ ಇದೆ. ಅದನ್ನು ಮೆಕ್ಯಾನಿಕ್ ಒತ್ತಡದ ಗೇಜು ಹಾಕಿ ನೋಡಿ ಹೇಳಬೇಕೇ ಹೊರತು ನಾವು ಊಹಿಸಿ ಹೊರಡತಕ್ಕದ್ದಲ್ಲ.

ಬ್ಯಾಟರಿಯ ಚಿತ್ರದ ಕೆಂಪು ದೀಪ ಉಳಿದರೆ ಚಾರ್ಜ್ ಆಗುತ್ತಿಲ್ಲವೆಂದು ಅರ್ಥ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 14 ವೋಲ್ಟ್ ಬರಬೇಕು. ಬರದಿದ್ದರೆ ಮೊದಲು ಬೆಲ್ಟು ಸಡಿಲವಾಗಿದೆಯೇ, ಬಿರಿದಿದೆಯೇ ನೋಡಿ. ಅನೇಕ ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು, ಹರಿದರೆ ಎಂಜಿನ್ ಕಾಯುತ್ತದೆ. ಇಲ್ಲೊಂದು ಮಾತು. ಡೈನಮೋ ಇದ್ದ ಹಳೆಯ ಜೀಪುಗಳ ಕಾಲದಲ್ಲಿ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತುದಿ ಕಿತ್ತು ಪರೀಕ್ಷಿಸುವ ರೂಢಿಯಿತ್ತು. ಕಂಪ್ಯೂಟರಿರುವ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಏರಿ ಅದು ಸುಟ್ಟುಹೋದೀತು. ಯಾರು ಹೇಳಿದರೂ ಬಿಡಬೇಡಿ.

ಬ್ರೇಕಿನ ಕೆಂಪು ದೀಪ ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು. ಆಯಿಲ್ ಸುರಿದು ದೀಪ ಆರಿಸಿದರೆ ಮುಗಿಯಲಿಲ್ಲ, ಅದು ಎಲ್ಲಿ ಸೋರಿತೆಂಬುದನ್ನು ಕಂಡುಹಿಡಿಯಬೇಕು. ಈ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ತೇವ ಸೇರಿದರೆ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಕುದಿದು ಪೆಡಲ್ ಮೆತ್ತಗಾಗುತ್ತದೆ. ಬಣ್ಣಾರಿಗೆ ಇಳಿಯುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಇನ್ನು ಎಂಜಿನಿನ ಚಿತ್ರದ ಹಳದಿ ದೀಪ. ಅಂಬಾಸಿಡರಿನಂಥ ಹಳೆಯ ಕಾರಿನಲ್ಲೂ ಕಾರ್ಬ್ಯುರೇಟರಿನ ಮಾರುತಿ 800ರಲ್ಲೂ ಇದು ಇರಲಿಲ್ಲ. 2010ರ ಏಪ್ರಿಲಿನಿಂದ ಭಾರತ್ ಸ್ಟೇಜ್ 4ರ ಕಾರುಗಳಿಗೆ ಸ್ವಯಂಪರೀಕ್ಷೆಯ ಏರ್ಪಾಡು ಕಡ್ಡಾಯವಾಯಿತು. ಇದು ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಹಾಗೆಯೇ ಓಡಿಸಿದರೆ ಹೊಗೆ ಶುದ್ಧಮಾಡುವ ಭಾಗ ಕಾದು ಹಾಳಾಗುತ್ತದೆ; ನಿಲ್ಲಿಸಬೇಕು. ಮಿನುಗದೆ ಉರಿಯುತ್ತಿದ್ದರೆ ಹತ್ತಿರದ ಮೆಕ್ಯಾನಿಕ್ ತನಕ ಮೆಲ್ಲಗೆ ಹೋಗಬಹುದು. ಸ್ಟಿಯರಿಂಗಿನ ಕೆಳಗಿರುವ 16 ಕಾಲುಗಳ ಸಾಕೆಟ್ಟಿಗೆ ಸ್ಕ್ಯಾನರ್ ಕೂಡಿಸಿದರೆ ಸಂಕೇತಗಳು ಬರುತ್ತವೆ. ಮೊದಲು ಅವನ್ನು ಕಾಗದದಲ್ಲಿ ಬರೆದುಕೊಳ್ಳಿ. ಪಿ 0562 ಎಂದಿದ್ದರೆ ವೋಲ್ಟೇಜ್ ಕಡಿಮೆಯೆಂದು. ಪಿ 0301 ಎಂದಿದ್ದರೆ ಒಂದನೆಯ ಸಿಲಿಂಡರ್ ಉರಿಯುತ್ತಿಲ್ಲವೆಂದು. ಸಂಕೇತವು ಕಂಡ ಲಕ್ಷಣವನ್ನು ಹೇಳುತ್ತದೆಯೇ ಹೊರತು ಯಾವ ಸಾಮಾನು ಬದಲಿಸಬೇಕೆಂದು ಹೇಳುವುದಿಲ್ಲ. ಜ್ವರವಿದೆ ಎಂದರೆ ಯಾವ ಜ್ವರವೆಂದು ವೈದ್ಯರು ನೋಡಬೇಡವೆ? ಬ್ಯಾಟರಿ ತುಂಬಿಸಿ, ಸಂಕೇತಗಳನ್ನು ಅಳಿಸಿ, ಎರಡು ದಿನ ಊರೊಳಗೆ ಓಡಿಸಿದ ಮೇಲೆ ಮರಳಿ ಬರುವುದಕ್ಕೆ ಮಾತ್ರ ಹಣ ಹಾಕುವುದು ಸರಿ.

ಪೆಟ್ರೋಲನ್ನೂ ಮರೆಯಬಾರದು. ಈಗಿನದರಲ್ಲಿ ಎಥನಾಲ್ ಬೆರೆತಿದ್ದು ಅದು ತೇವವನ್ನು ಹೀರುತ್ತದೆ. ಕೆಲವು ತಿಂಗಳು ನಿಂತದ್ದಾದರೆ ಹೊಸದನ್ನು ತುಂಬಿಸಿ. ವರ್ಷ ಕಳೆದು ಹುಳಿ ವಾಸನೆ ಬಂದರೆ ಹೊರಗೆ ತೆಗೆಸುವುದೇ ಸರಿ. ಡೀಸೆಲ್ ಗಾಡಿಯಾದರೆ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಸಿಯಬೇಕು.

ತುರ್ತಿನಲ್ಲಿ ಪಕ್ಕದ ಗಾಡಿಯಿಂದ ಬ್ಯಾಟರಿ ಕೊಡಿಸುವವರು 12 ವೋಲ್ಟಿನ ಟ್ರಾಕ್ಟರನ್ನೋ ಕಾರನ್ನೋ ಹುಡುಕಬೇಕು. ಲಾರಿಗಳಲ್ಲಿ ಸಾಮಾನ್ಯವಾಗಿ ಇರುವುದು 24 ವೋಲ್ಟು; ಕೂಡಿಸಿದ ಕ್ಷಣದಲ್ಲೇ ಕಾರಿನ ಕಂಪ್ಯೂಟರ್ ಹೋಗಬಹುದು. ಗಾಡಿ ಚಾಲೂ ಆದ ಮೊದಲನೆಯ ದಿನ ತಾಳವಾಡಿಯ ಸುತ್ತಿನ ಸಮರಸ್ತೆಯಲ್ಲೇ ಓಡಾಡಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ದೀಪಗಳನ್ನು ಇನ್ನೊಮ್ಮೆ ನೋಡಿಕೊಂಡು, ಮಾರನೆಯ ದಿನ ಹಗಲು ಹೊತ್ತಿನಲ್ಲಿ ಘಾಟಿ ಇಳಿಯಬಹುದು.